ನಡುಹಗಲಿನ ಒಲೆ

ಬೆಂಕಿಕಡ್ಡಿ ಗೀರುವ ಮುನ್ನ ರೇವಣಸಿದ್ದಯ್ಯ ಮಗಳನ್ನು ಪಕ್ಕಕ್ಕೆ ಸರಿಸಿದರು.

"ದೂರ ನಿಂತ್ಕೊಳವ್ವ. ಕೈ ಸುಟ್ಟೀತು."

ಗಂಗಾಂಬಿಕೆ ಸರಿದು ನಿಂತಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹತ್ತದ ಒಲೆ. ಅದರಿಂದಲೂ ಮಗಳನ್ನು ಕಾಯುವ ಅಪ್ಪ. ಇಂಥ ಅಕ್ಕರೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಎಂಬತ್ತೈದರ ಬೇಸಿಗೆ. ಗುಬ್ಬಿಯ ಆ ಮನೆಯ ತಾರಸಿ ಕಾದ ಹೆಂಚಾಗಿತ್ತು. ಬೆಂಗಳೂರಿನ ಹಳೆಯ ಶಿಷ್ಯನೊಬ್ಬ ಕೊಡಿಸಿದ ಸೌರಫಲಕ, ಅದರಿಂದ ಇಳಿದ ತಂತಿ, ಕಾಸ್ಟಿಕ್ ಸೋಡ ಬೆರೆಸಿದ ನೀರಿನ ಜಾಡಿ. ಬಿಸಿಲಿನ ಕರೆಂಟು ನೀರನ್ನು ಒಡೆದು ಜಲಜನಕ ಬಿಡಿಸುತ್ತಿತ್ತು. ಅದು ಲಾರಿ ಟ್ಯೂಬಿನಲ್ಲಿ ತುಂಬಿ, ಹಿತ್ತಾಳೆಯ ಬರ್ನರಿಗೆ ಬಂದು ಉರಿಯಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಇದೇ ಪೂಜೆ.

ಹೆಂಡತಿ ಸೌದೆಯ ಹೊಗೆ ಕುಡಿದು ಕೆಮ್ಮಿ ಕೆಮ್ಮಿ ತೀರಿಕೊಂಡಾಗ ಅವರು ಮನೆದೇವರ ಮುಂದೆ ಹರಕೆ ಹೊತ್ತಿದ್ದರು. ಹೊಗೆಯಿಲ್ಲದ ಈ ಒಲೆ ಹತ್ತಿದ ಮೇಲೆಯೇ ಮಗಳ ಮದುವೆ. ದೇವರ ಮುಂದಿನ ಮಾತಿಗೆ ಯಾರು ಎದುರಾಡುತ್ತಾರೆ? ತುಮಕೂರಿನಲ್ಲಿ ಬಿ.ಎ. ಓದಿ ಬಂದ ಗಂಗಾಂಬಿಕೆ ನೀರು ಹೊತ್ತಳು, ಜಾಡಿ ತೊಳೆದಳು, ಅಪ್ಪನಿಗೆ ಮುದ್ದೆ ತೊಳಸಿದಳು. ಜೊತೆಯಲ್ಲಿ ಓದಿದವರ ಮಕ್ಕಳು ಶಾಲೆ ಸೇರಿದರು. ಒಲೆ ಹತ್ತೋ ಹೊತ್ತಿಗೆ ಹುಡುಗಿ ತಲೆ ನರೆತಿರುತ್ತೆ ಎಂದು ಪಕ್ಕದ ಮನೆಯ ಪುಟ್ಟರಂಗಯ್ಯ ಗೋಡೆಯಾಚೆಯಿಂದಲೇ ಆಡಿಕೊಳ್ಳುತ್ತಿದ್ದ.

ಮೋಡವಿದ್ದರೆ ಪರೀಕ್ಷೆ ಇಲ್ಲ. ಸಂಜೆಯಂತೂ ಇಲ್ಲವೇ ಇಲ್ಲ. ಸೂರ್ಯ ನೆತ್ತಿಗೆ ಬಂದಾಗಲೇ ಗ್ಯಾಸಿಗೆ ಕಸುವು ಎನ್ನುತ್ತಿದ್ದರು ಮೇಷ್ಟ್ರು. ಕಡ್ಡಿ ಹಿಡಿಯುವುದು, ಇಣುಕುವುದು, ತಲೆಯಾಡಿಸಿ ನಲ್ಲಿ ಮುಚ್ಚುವುದು.

ಇವತ್ತು ಕುಣಿಗಲ್ಲಿನ ಶಕುಂತಲಮ್ಮ ಬಿಸಿಲಿಗೆ ಕೊಡೆ ಹಿಡಿದು ಬಂದಿದ್ದರು. ಅವರ ಮಗ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಮದುವೆಯಾದರೆ ಗಂಗಾಂಬಿಕೆಯನ್ನೇ ಆಗುವುದೆಂದು ಕಾದು ಕೂತವನು. ಬರುವಾಗಲೆಲ್ಲ ಮಲ್ಲಿಗೆ ತಂದು ತಾವೇ ಅವಳಿಗೆ ಮುಡಿಸುತ್ತಿದ್ದ ಶಕುಂತಲಮ್ಮ, ಈ ಸಲ ಮುಡಿಸುವಾಗ ಅವಳ ಮುಖ ನೋಡಲಿಲ್ಲ.

"ಇನ್ನು ನನ್ ಕೈಲಿ ತಡೆಯೋಕಾಗಲ್ಲ ಮೇಷ್ಟ್ರೇ. ನಮ್ಮ ಯಜಮಾನ್ರು ನಾಳೆ ಬೇರೆ ಕಡೆ ಮಾತು ಕೊಡ್ತಾವ್ರೆ. ಇವತ್ತು ಹತ್ತಿದ್ರೆ ನಮ್ಮ ಪುಣ್ಯ."

ಮೇಷ್ಟ್ರು ಬಗ್ಗಿ ಕಡ್ಡಿ ಹಿಡಿದರು. ಎಂದಿನಂತೆ ಟಪ್ಪೆಂದು ಸಣ್ಣ ಸದ್ದು. ಬರ್ನರಿನ ಮೇಲೆ ಬರೀ ಬಿಸಿಲು.

"ಇಲ್ಲ ಕಣಮ್ಮ," ಎಂದರು. "ನನ್ ಹಣೇಬರ."

ಶಕುಂತಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಗಂಗಾಂಬಿಕೆಗೆ ನಾಲ್ಕು ಗೋಡೆಗಳೂ ತಾರಸಿಯವರೆಗೆ ಎದ್ದು ಬಂದಂತಾಯಿತು. ಆದರೂ ಅವಳ ಕಣ್ಣು ಹೋದದ್ದು ಅಪ್ಪನ ಬೋಳುತಲೆಯಿಂದ ಇಳಿಯುತ್ತಿದ್ದ ಬೆವರಿನ ಕಡೆಗೆ. ಪಾಪ, ಅವರಿಗಿನ್ನೆಷ್ಟು ಸಂಕಟವೋ. ಶಕುಂತಲಮ್ಮನ ಕೊಡೆ ಇಸಿದುಕೊಂಡು, ಬಿಚ್ಚಿ, ನಲ್ಲಿ ಇನ್ನೂ ಮುಚ್ಚದೆ ಬರ್ನರಿನ ಬಳಿ ಬಗ್ಗಿಯೇ ಇದ್ದ ಅಪ್ಪನ ತಲೆಗೆ ಹಿಡಿಯಲು ಹೋದಳು.

ಮೇಷ್ಟ್ರು ಗಾಬರಿಯಿಂದ ಅವಳ ಕೈ ತಡೆದರು. ಮಾತು ಬಾಯಿಂದ ಜಾರಿತು.

"ನೆರಳು ಮಾಡ್ಬೇಡ ಕಣವ್ವ. ನೆರಳಾದ್ರೆ ಉರಿ ಕಂಡ್ಬಿಡುತ್ತೆ."