ಟರ್ಕಿಗೆ ಕೋರಿ ರೊಟ್ಟಿ

ಓವನ್‌ನಿಂದ ಆಗಷ್ಟೇ ಇಳಿದ ಪಾತ್ರೆಯ ಮೇಲೆ ಅತ್ತೆ ಜಲಜಾಕ್ಷಿಯ ಚಮಚ ತಡೆದು ನಿಂತಿತು. "ನಾನು ಮಂಗಳೂರಿಂದ ಹೊತ್ತು ತಂದ ಕೋರಿ ರೊಟ್ಟಿಯನ್ನು ಗಸಿಯಲ್ಲಿ ಬೇಯಿಸಿದ್ಯಾ? ರೊಟ್ಟಿ ಗರಿಗರಿ ಇರ್ಬೇಕು ಮಾರಾಯ್ತಿ!"

ಸೊಸೆ ಅಕ್ಷಯಾ ಅವರ ಮುಂದೆ ತಟ್ಟೆ ಸರಿಸಿದಳು. ನಿನ್ನೆ ಕ್ರಿಸ್‌ಮಸ್ ಊಟಕ್ಕೆ ಅವಳು ಮಾಡಿದ ಟರ್ಕಿ ಕೋಳಿಯ ರೋಸ್ಟ್ ಹತ್ತಿಯಂತೆ ಒಣಗಿತ್ತು. ಗಂಡ ಅನೀಶ ನಗುತ್ತಲೇ ಊಟಕ್ಕೆ ಬಂದಿದ್ದ ಬಾಂಗ್ಸಾರ್ ಬಡಾವಣೆಯ ಗೆಳೆಯರಿಗೆಲ್ಲ ಬೀದಿ ಬದಿಯ ಮಮಾಕ್ ಹೋಟೆಲಿನಿಂದ ಊಟ ಕಟ್ಟಿಸಿ ತಂದಿದ್ದ. ಉಳಿದ ಆ ಮಾಂಸವನ್ನೇ ಇಂದು ತೆಂಗಿನಕಾಯಿ ಮಸಾಲೆಯ ಗಸಿಯಲ್ಲಿ ನೆನೆಸಿ, ರೊಟ್ಟಿಯ ಪದರಗಳ ನಡುವೆ ಹರಡಿ ಬೇಕ್ ಮಾಡಿದ್ದಳು.

ಅತ್ತೆ ಚಮಚ ಒತ್ತಿದರು. ಮೇಲಿನ ರೊಟ್ಟಿ ಕಟಕ್ಕೆಂದು ಮುರಿದು, ಅಡಿಯಿಂದ ಗಸಿ ಉಕ್ಕಿತು. ಒಂದು ತುತ್ತು ತಿಂದರು. ಇನ್ನೊಂದು ತಿಂದರು.

ಅನೀಶ ಕೆಂಪಗೆ ಬೆಂದ ಮೂಲೆಗೆ ಕೈ ಹಾಕಿದ. ಜಲಜಾಕ್ಷಿ ಪಾತ್ರೆಯನ್ನೇ ತಮ್ಮತ್ತ ಎಳೆದುಕೊಂಡರು. "ನೀನು ಮಮಾಕ್‌ಗೆ ಹೋಗು ಮಾರಾಯ. ಇದು ನಂಗೆ ಬೇಕು."