ಏಡಿ ಯಾರಿಗೆ ಕೈಬೀಸುತ್ತದೆ

ಪ್ರಶ್ನೆ ಖರೀದಿ ಕಚೇರಿಯ ಕೌಂಟರಿನಲ್ಲಿ ಗುಮಾಸ್ತ ವಿಲ್ಫ್ರೆಡ್ ಪ್ರಫುಲ್ಲಾಳ ಅರ್ಜಿಯನ್ನು ಎರಡು ಸಲ ಓದಿದ.

"ಇದೊಂದನ್ನಾದರೂ ಇಟ್ಕೊಳ್ಳಿ ಮಾರಾಯ್ರೆ. ನಿಮ್ಮ ಹತ್ರ ಬೇರೆ ಪ್ರಶ್ನೆ ಉಳಿದಿಲ್ಲ."

"ಇದನ್ನೂ ಕೊಟ್ಟರೆ ಕೆಲಸ ಖಾಯಂ ಅಂತ ನೀವೇ ಹೇಳಿದ್ದಲ್ವಾ?" ಎಂದಳು ಪ್ರಫುಲ್ಲಾ.

ಸಂಶೋಧನೆಯ ಹುಚ್ಚಿದ್ದವರು ಉಪವಾಸ ಬೀಳುವ ಕಾಲ ಹೋಗಿತ್ತು. ಈ ಕಚೇರಿಗೆ ಪ್ರಶ್ನೆ ಕೊಟ್ಟರೆ ಕೆಲಸ, ಸಂಬಳ. ಪ್ರಶ್ನೆಯ ಜೊತೆ ಅದರ ಕುತೂಹಲವೂ ತಲೆಯಿಂದ ಹೋಗುತ್ತಿತ್ತು, ಅಷ್ಟೇ. ಚಿಪ್ಪುಗಳ ಬಣ್ಣವನ್ನೂ ಬೆಳ್ಳಕ್ಕಿಗಳ ಜಗಳವನ್ನೂ ಅವಳು ಹೀಗೇ ಕೊಟ್ಟಿದ್ದಳು. ಉಳಿದದ್ದು ಹೊಳೆ ಕಡಲು ಸೇರುವ ಅಳಿವೆಯ ಏಡಿ. ಹೆಣ್ಣೇಡಿಯನ್ನು ಕರೆಯಲು ಗಂಡೇಡಿ ತನ್ನ ದೊಡ್ಡ ಕೈ ಬೀಸುತ್ತದೆ, ಸರಿ. ಸುತ್ತ ಯಾರೂ ಇಲ್ಲದಾಗಲೂ ಯಾಕೆ ಬೀಸುತ್ತದೆ? ಇದಕ್ಕಾಗಿ ಅವಳು ಒಂಬತ್ತು ವರ್ಷ ಕೆಸರಿನಲ್ಲಿ ಕೂತಿದ್ದಳು.

ವಿಲ್ಫ್ರೆಡ್ ಅವಳ ಹಣೆಗೆ ಪ್ರಶ್ನೆ ಹೊರತೆಗೆಯುವ ಪಟ್ಟಿ ಕಟ್ಟಿದ. ಸ್ವಲ್ಪ ತಣ್ಣಗಾಯಿತು.

"ಆಯ್ತು. ಆದೇಶ ತಕೊಳ್ಳಿ. ಅರ್ಜಿಯ ಜೊತೆ ಇಟ್ಟಿದ್ದ ಈ ನೋಟ್‌ಬುಕ್ಕೂ ನಿಮ್ಮದೇ."

ಬಸ್ ನಿಲ್ದಾಣ ಅಳಿವೆಯ ಪಕ್ಕದಲ್ಲೇ ಇತ್ತು. ಕೆಸರಿನಲ್ಲಿ ಒಂಟಿ ಏಡಿಯೊಂದು ಕೈಬೀಸುತ್ತಿತ್ತು. ಪ್ರಫುಲ್ಲಾ ಅದನ್ನು ನೋಡಿದಳು, ಆಮೇಲೆ ಬಸ್ ಬರುವ ದಾರಿ ನೋಡಿದಳು. ಬೇಸರ ಕಳೆಯಲು ನೋಟ್‌ಬುಕ್ ತೆರೆದಳು. ಅಕ್ಷರ ಅವಳದೇ.

"ಇವತ್ತೂ ಒಂದೇ ಇತ್ತು. ಹತ್ತಿರ ಯಾರೂ ಇರಲಿಲ್ಲ. ಆದರೂ ಕತ್ತಲಾಗುವವರೆಗೆ ಬೀಸಿತು. ನಾಳೆ ಇನ್ನೂ ಬೇಗ ಬರಬೇಕು, ನಿದ್ದೆಯೇ ಬರುತ್ತಿಲ್ಲ."

ಬಸ್ಸು ಬಂತು, ಹೋಯಿತು. ಅವಳು ಕೊನೆಯ ಪುಟ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಬಂದಳು. ಏಡಿಯ ಬಗ್ಗೆ ಏನೂ ಅನ್ನಿಸಲಿಲ್ಲ. ಇದನ್ನು ಬರೆದವಳನ್ನು ಮಾತ್ರ ಒಮ್ಮೆ ನೋಡಬೇಕೆನಿಸಿತು.