ಅಳಿಯಂದಿರ ದೀಪ

ಕರೆಂಟು ಹೋದರೆ ತಾನಾಗಿಯೇ ಹತ್ತುವ ದೀಪವೊಂದನ್ನು ಮಾಡಿದ ದಿನವೇ ಮೃತ್ಯುಂಜಯ ಅತ್ತೆಮನೆಯ ಹಳೇ ಕಂದೀಲನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಸಂಜೆ ಓಣಿಯವರನ್ನೆಲ್ಲ ಕರೆದು ಕೂರಿಸಿ, ಕರೆಂಟು ಯಾವಾಗ ಹೋದೀತೆಂದು ಚಾತಕಪಕ್ಷಿಯಂತೆ ಕಾದ.

“ಇದನ್ನ ಯಾರು ಹಚ್ಚತಾರ್ರಿ ಅಳಿಯಂದ್ರ?” ಅತ್ತೆ ನೀಲಾಂಬಿಕೆ ಕೇಳಿದರು.

“ಈ ಚಿಪ್ ಹಚ್ಚತೈತ್ರಿ ಅತ್ತ್ಯಾರ. ಕರೆಂಟ್ ಹೋತಂದ್ರ ಈ ಮಾಸ್‌ಫೆಟ್‌ಗೆ ಹುಕುಂ ಕೊಡತೈತಿ. ಅದು ಬಾಗಲಾ ತಗದಂಗ ಬ್ಯಾಟರಿ ಕರೆಂಟನ್ನ ದೀಪಕ್ಕ ಬಿಡತೈತಿ.”

“ಮತ್ತ ಚಿಪ್ಪಿಗೂ ಈ ಬ್ಯಾಟರಿನ ಏನ್ರಿ?”

“ಛೆ ಛೆ! ಬ್ಯಾಟರಿ ಪೂರಾ ದೀಪಕ್ಕ ಮೀಸಲ. ಚಿಪ್ಪಿನ ವೈರು ಗ್ವಾಡಿ ಪ್ಲಗ್ಗಿಗೆ ಹಾಕೀನಿ. ನನ್ನೇನು ದಡ್ಡ ಅನಕೊಂಡ್ರೇನು?”

“ಭಾಳ ಶಾಣ್ಯಾರದೀರಿ ಬಿಡ್ರಿ.”

ಅಷ್ಟರಲ್ಲಿ ಕರೆಂಟು ಹೋಯಿತು. ಮೃತ್ಯುಂಜಯ ಎದೆಯುಬ್ಬಿಸಿ ನಿಂತ. ಕತ್ತಲೆ ಮಾತ್ರ ಕದಲಲಿಲ್ಲ. ಯಾರೋ ಕೆಮ್ಮಿದರು.

“ತಡೀರಿ, ಅದು ವಿಚಾರ ಮಾಡಾಕತ್ತೈತಿ,” ಎಂದ.

ಅದು ವಿಚಾರ ಮಾಡುತ್ತಲೇ ಇತ್ತು. ಓಣಿಯವರು ಗೋಡೆ ತಡವಿಕೊಂಡು ಒಬ್ಬೊಬ್ಬರಾಗಿ ಮನೆ ಸೇರಿದರು. ಅತ್ತೆ ಕಂದೀಲನ್ನು ನೆನೆಯುತ್ತ ಕತ್ತಲಲ್ಲೇ ರೊಟ್ಟಿ ಬಡಿದರು.

ಕೊನೆಗೂ ಕರೆಂಟು ಬಂತು. ಫ್ಯಾನು ತಿರುಗಿತು, ಟ್ಯೂಬ್‌ಲೈಟು ಬೆಳಗಿತು, ಗೋಡೆಯ ಪ್ಲಗ್ಗಿನಲ್ಲಿದ್ದ ಚಿಪ್ಪಿಗೂ ಎಚ್ಚರವಾಗಿ, ಕರೆಂಟು ಹೋಗಿತ್ತೆಂಬುದು ಆಗಷ್ಟೇ ತಿಳಿದು, ಅಳಿಯಂದಿರ ದೀಪ ಝಗ್ಗನೆ ಹತ್ತಿತು.